ಚಕ್ರ ಪೂರ್ತಿ ನಿಲ್ಲುವ ತನಕ

ಫ್ಯಾನ್ ಆರಿಸಿದ ಮೇಲೆ ಅದರ ರೆಕ್ಕೆಗಳು ಪೂರ್ತಿ ನಿಲ್ಲುವ ತನಕ ಅವರು ಅಲ್ಲಿಂದ ಕದಲುತ್ತಿರಲಿಲ್ಲ. ಸ್ವಿಚ್ ಒತ್ತುವುದು, ಎರಡೂ ಕೈ ಬೆನ್ನ ಹಿಂದೆ ಕಟ್ಟುವುದು, ಕತ್ತೆತ್ತಿ ನೋಡುತ್ತ ನಿಲ್ಲುವುದು. ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಹಳೆಯ ಕಾಲದ ಫ್ಯಾನುಗಳು ನಾಲ್ಕಿವೆ. ಒಂದೊಂದೂ ನಿಲ್ಲಲು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಭಾನುವಾರದ ಬೈಠಕ್ ಮುಗಿದು ನಾವೆಲ್ಲ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರೆ ಇವರು ಒಂದು ಫ್ಯಾನಿನ ಕೆಳಗಿಂದ ಇನ್ನೊಂದರ ಕೆಳಗೆ ಹೋಗಿ ನಿಂತಿರುತ್ತಿದ್ದರು. “ಬರ್ರಿ ಕಾಕಾ, ಅದೇನ್ ಓಡಿ ಹೋಗ್ತೈತೇನ್ರಿ?” ಎಂದು ನಾನು ಎಷ್ಟು ಸಲ ಕಾಡಿಸಿದ್ದೇನೋ ಲೆಕ್ಕವಿಲ್ಲ. “ನಿಂದರ್ಲಿ ತಡಿ,” ಎನ್ನುತ್ತಿದ್ದರು, ಅಷ್ಟೇ. ವಯಸ್ಸಾದವರ ಚಟ ಎಂದುಕೊಂಡಿದ್ದೆವು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸಂಘದ ವಾರ್ಷಿಕ ಸಂಚಿಕೆಗೆ ಒಂದು ಪುಟ ಬರೆದುಕೊಡು ಎಂದರು, ಬರೆದುಕೊಟ್ಟೆ. ಸರಳ ಜೀವಿ, ಸಜ್ಜನ, ಕನ್ನಡಾಭಿಮಾನಿ. ಸತ್ತವರಲ್ಲಿ ಯಾರಿಗೆ ಬೇಕಾದರೂ ಒಪ್ಪುವ ಮಾತುಗಳು. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಆ ಸುಳ್ಳು ಈಗ ಅವರ ಮನೆಯ ಗೂಡಿನಲ್ಲಿ ಕೂತು, ದಿನಕ್ಕೆ ಮೂರು ಹೊತ್ತು ಅವರ ಹೆಂಡತಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದೆ. ಅದು ಯಾವತ್ತು ಏನು ಹೇಳಿಬಿಡುತ್ತದೋ ಎಂಬ ಹೆದರಿಕೆಯಲ್ಲೇ ನಾನು ದಿನ ದೂಡುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. “ತರ್ಜುಮೆ ಮಾಡಿದವನ ಹೆಸರು ಹಾಳಿ ಮ್ಯಾಲ ಯಾರ್ ಹಾಕ್ತಾರ?” ಎಂದು ಅವರೇ ನಗುತ್ತಿದ್ದರು. ಕಲಬುರಗಿಯ ಕಡೆಯವರು. ಓದು ಮುಗಿಸಿ ಈ ತೆಲುಗು ಊರಿಗೆ ಬಂದು, ಒಕ್ಕಲುತನದ ಯಂತ್ರ ಮಾಡುವ ಒಂದು ಕಾರ್ಖಾನೆ ಸೇರಿದವರು, ಬಿಳಿ ತಲೆ ಹೊತ್ತು ಅಲ್ಲಿಂದಲೇ ನಿವೃತ್ತರಾದರು. ಯಂತ್ರ ಕೊಂಡರೆ ಅದರ ಜೊತೆ ಮಡಚಿದ ಒಂದು ಹಾಳೆ ಬರುತ್ತದಲ್ಲ, ಹೇಗೆ ಕೂರಿಸುವುದು, ಹೇಗೆ ಎಣ್ಣೆ ಬಿಡುವುದು, ಏನು ಮಾಡಬಾರದು ಎಂದು ಹೇಳುವ ಹಾಳೆ, ಅದರ ಕನ್ನಡದ ಪಾಲು ಇವರದು. ನಾವು ಯಾರೂ ಓದದೆ ಡ್ರಾಯರಿಗೆ ತುರುಕುವ ಕಾಗದ. ಅದನ್ನು ಒಬ್ಬ ಮನುಷ್ಯ ಕೂತು ಬರೆದಿರುತ್ತಾನೆ ಎಂಬುದೇ ನನಗೆ ಅವರನ್ನು ನೋಡುವವರೆಗೆ ಹೊಳೆದಿರಲಿಲ್ಲ. ಜೇಬಿನಲ್ಲಿ ಎರಡು ಪೆನ್ನು, ಒಂದು ಅರ್ಧ ಅಡಿಯ ಸ್ಕೇಲು. ಸ್ಕೇಲು ಯಾಕೆ ಎಂದು ಕೇಳಿದ್ದೆ. “ಕನ್ನಡ ಉದ್ದ ಆಗ್ತೈತವ್ವಾ. ನಾಕ್ ಭಾಷಾದಾಗ ನಮ್ಮದss ಚೌಕಟ್ಟು ದಾಟಿ ಹೊರಗ ಬರ್ತೈತಿ. ಅಳದು ಅಳದು ಬರೀಬೇಕು,” ಎಂದಿದ್ದರು.

ಸಂಘದಲ್ಲಿ ತಿಂಗಳಿಗೊಮ್ಮೆ ಸ್ವಂತ ಬರಹ ಓದುವ ರೂಢಿ ಇತ್ತು. ಒಬ್ಬರು ಪ್ರವಾಸ, ಇನ್ನೊಬ್ಬರು ಚುಟುಕ, ಮತ್ತೊಬ್ಬರು ತಮ್ಮ ಮೊಮ್ಮಗಳ ಜಾಣತನ. ಕಾಕಾ ಮಾತ್ರ ವಿಜ್ಞಾನದ ಕಥೆ ಓದುತ್ತೇನೆ ಎಂದು ಏಳುತ್ತಿದ್ದರು. ಹೊಸದಾಗಿ ಬಂದ ಬೆಂಗಳೂರು, ಮೈಸೂರಿನ ಐಟಿ ಹುಡುಗರು ರಾಕೆಟ್ಟು ಬರುತ್ತದೆ, ಬೇರೆ ಗ್ರಹದವರು ಬರುತ್ತಾರೆ ಎಂದು ಕಿವಿ ನಿಮಿರಿಸಿ ಕೂತರೆ, ಇವರು ಓದುತ್ತಿದ್ದದ್ದು ಇನ್ನೂ ಹುಟ್ಟದ ಯಂತ್ರವೊಂದರ ಎಚ್ಚರಿಕೆಯ ಹಾಳೆ. ಬರೀ ಎಚ್ಚರಿಕೆಗಳು. ನಾಯಕನಿಲ್ಲ, ನಾಯಕಿಯಿಲ್ಲ, ಊರಿನ ಹೆಸರೂ ಇಲ್ಲ.

ನನಗೆ ಬಾಯಿಪಾಠವಾಗಿರುವುದು ಮನೆ ಕಾಯುವ ಯಂತ್ರದ ಹಾಳೆ. ಯಂತ್ರವನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಬೇಡಿ. ಮನೆಯವರ ಮುಖಗಳನ್ನು ವರ್ಷಕ್ಕೊಮ್ಮೆ ಹೊಸದಾಗಿ ತೋರಿಸಿ. ತೀರಿಹೋದವರ ಮುಖವನ್ನು ಕೂಡಲೇ ತೆಗೆಸಿ. ಜಗಳವಾದ ದಿನ ಯಂತ್ರಕ್ಕೆ ಹೊಸ ಆಜ್ಞೆ ಕೊಡಬೇಡಿ. ಕಾಯಿಲೆ ಬಿದ್ದು ಸೊರಗಿ ಮನೆಗೆ ಬಂದವರನ್ನು ಯಂತ್ರ ಒಳಗೆ ಬಿಡುವುದಿಲ್ಲ. ಇಷ್ಟು ಓದಿ ಕಾಕಾ ಕೂತುಬಿಟ್ಟರು. ಒಬ್ಬ ಹುಡುಗ ಪಾಪ, ಮರ್ಯಾದೆಯಿಂದಲೇ ಕೇಳಿದ: “ಸರ್, ಚೆನ್ನಾಗಿದೆ, ಆದ್ರೆ ಇದ್ರಲ್ಲಿ ಕಥೆ ಎಲ್ಲಿದೆ?”

“ಐದನೇ ಸಾಲಿನ್ಯಾಗ ಒಬ್ಬಾಕಿ ಹೊರಗ ನಿಂತಾಳ ನೋಡ್ರಿ,” ಎಂದರು ಕಾಕಾ.

ಅವತ್ತು ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಅವರ ಲೆಕ್ಕಾಚಾರ ಇಷ್ಟೇ. ಎಚ್ಚರಿಕೆ ಎಂದರೆ ಯಾರಿಗೋ ಆಗಿಹೋಗಿರುವುದು. ಕೈ ಹಾಕಬೇಡಿ ಎಂದು ಬರೆದಿದ್ದರೆ ಯಾರೋ ಒಬ್ಬರು ಕೈ ಹಾಕಿದ್ದಾರೆ. ಮಕ್ಕಳಿಂದ ದೂರವಿಡಿ ಎಂದಿದ್ದರೆ ಯಾವುದೋ ಮನೆಯಲ್ಲಿ ಯಾರೋ ದೂರ ಇಟ್ಟಿರಲಿಲ್ಲ. “ಮುಂದ ಬರೂ ಯಂತ್ರದ ಹಾಳಿ ನಾವು ಮೊದಲss ಬರದ್ ಇಟ್ಟಿವಿ ಅಂದ್ರ ಒಂದು ಕೈ ಆದ್ರೂ ಉಳದೀತು,” ಎನ್ನುತ್ತಿದ್ದರು. ನಾನು ತಮಾಷೆಗೆ ಅವರನ್ನು ಎಚ್ಚರಿಕೆ ಕಾಕಾ ಎನ್ನುತ್ತಿದ್ದೆ. ಬೇಸರ ಪಟ್ಟುಕೊಂಡವರಲ್ಲ. ನನ್ನ ಮದುವೆ ಗೊತ್ತಾದಾಗ ಅವರೂ ಬಿಡಲಿಲ್ಲ, “ಹುಡುಗನ್ನ ನೋಡಿ ಬಂದಿ, ಆತನ ಹಾಳಿ ಓದೀಯೇನು?” ಎಂದು ಎಲ್ಲರೆದುರು ಕೇಳಿ ನನ್ನ ಮುಖ ಕೆಂಪಗೆ ಮಾಡಿದ್ದರು.

ಭಾನುವಾರ ಬೆಳಿಗ್ಗೆ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹರಡಿಕೊಂಡು ಕೂರುತ್ತಾರಲ್ಲ, ಅಲ್ಲಿ ಬೇರೆಯವರು ಕಾದಂಬರಿ ಹುಡುಕಿದರೆ ಇವರು ರದ್ದಿಯ ಅಡಿಯಿಂದ ಹಳೆ ಹೊಲಿಗೆ ಯಂತ್ರದ, ಹಳೆ ರೇಡಿಯೋದ ಹಾಳೆಗಳನ್ನು ಎಳೆದು ತೆಗೆಯುತ್ತಿದ್ದರು. ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಶ್ ಪ್ರದರ್ಶನಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋದರೆ ಜೈಂಟ್ ವೀಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತರಕಾರಿ ಕತ್ತರಿಸುವ ಹೊಸ ಸಾಮಾನು ಮಾರುವವನ ಮುಂದೆ ಹೋಗಿ ನಿಲ್ಲುವರು. ಅವನು ಗಜ್ಜರಿ, ಸವತೆಕಾಯಿ ಸರಸರ ಹೆಚ್ಚುತ್ತ ಕೂಗುತ್ತಿದ್ದರೆ ಇವರದು ಒಂದೇ ಪ್ರಶ್ನೆ: “ಭಾಯ್, ಇಸ್ಮೆ ಉಂಗ್ಲಿ ಕಿಧರ್ ನಕ್ಕೋ ರಖ್ನಾ?” ಬೆರಳು ಎಲ್ಲಿ ಇಡಬಾರದು ಎಂದು. ಒಂದು ಸಲ ಒಬ್ಬ ಅಂಗಡಿಯವನು ಕ್ಷಣ ಪೆಚ್ಚಾಗಿ, ಆಮೇಲೆ ನಕ್ಕು, ಪಟ್ಟಿ ಸುತ್ತಿದ ತನ್ನ ಹೆಬ್ಬೆರಳು ತೋರಿಸಿದ. ಕಾಕಾ ಅವನ ಕೈ ಕುಲುಕಿದರು. ಅಲ್ಲಿಂದ ಮುಂದೆ ನಾನು ಎಲ್ಲಿ ಪ್ರದರ್ಶನ ಕಂಡರೂ ಮೊದಲು ನೋಡುವುದು ತೋರಿಸುವವರ ಕೈಬೆರಳು.

ನನಗೆ ಜಾಂಡೀಸ್ ಆಗಿ ಆರು ವಾರ ಹಾಸಿಗೆ ಹಿಡಿದ ವರ್ಷದ ಸಂಗತಿ ಹೇಳಬೇಕು. ನನ್ನ ಆಫೀಸು ಮಾಧಾಪುರದ ಗಾಜಿನ ಕಟ್ಟಡಗಳಲ್ಲಿ ಒಂದು. ಬಾಗಿಲಲ್ಲಿ ಮುಖ ನೋಡಿ ಒಳಗೆ ಬಿಡುವ ಯಂತ್ರ. ರಜೆ ಮುಗಿಸಿ ಹೋದರೆ ಕೆಂಪು ದೀಪ. ಕನ್ನಡಕ ತೆಗೆದೆ, ಕೂದಲು ಹಿಂದೆ ಕಟ್ಟಿದೆ, ನಕ್ಕೆ, ಮತ್ತೆ ಕೆಂಪು. ದಿನಾ ನಮಸ್ಕಾರ ಹೇಳಿ, ಅಮ್ಮ ಹೇಗಿದ್ದಾರೆ ಎಂದು ಕೇಳುವ ಕಾವಲಿನವನು ನನ್ನನ್ನು ನೋಡಲಿಲ್ಲ, ಯಂತ್ರವನ್ನು ನೋಡಿದ. “ಮಿಷನ್ ಒಪ್ಪುಕೋವಟ್ಲೇದು ಮೇಡಂ,” ಎಂದ. ಯಂತ್ರ ಒಪ್ಪುತ್ತಿಲ್ಲವಂತೆ. ಅವನಿಗೆ ನಾನು ಗೊತ್ತು, ಅವನಿಗೆ ಗೊತ್ತೆಂದು ನನಗೂ ಗೊತ್ತು, ಆದರೂ ಇಬ್ಬರೂ ಆ ಕೆಂಪು ದೀಪದ ಮುಂದೆ ಕೈಕಟ್ಟಿ ನಿಂತೆವು. ಐದನೇ ಸಾಲಿನ ಹೆಂಗಸು ನೆನಪಾದಳು.

ಆ ಭಾನುವಾರ ಕಾಕಾಗೆ ಹೇಳಿದೆ. ಹೆಮ್ಮೆ ಪಡುತ್ತಾರೆ, ನಾನು ಹೇಳಿರಲಿಲ್ಲವೇ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, “ಅಲ್ಲಿ ಕುಂದ್ರಾಕ ಜಾಗಾ ಇತ್ತೇನವ್ವಾ?” ಇರಲಿಲ್ಲ ಎಂದೆ. ಚೀಲದಿಂದ ಆ ಹಳೆ ಹಾಳೆ ತೆಗೆದು, ಸ್ಕೇಲಿಟ್ಟು ಅಳೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಹೊರಗೆ ನಿಂತವರಿಗೆ ಕೂರಲು ಒಂದು ಬೆಂಚು ಇಡಿ.

ಇಷ್ಟು ವರ್ಷ ಅವರ ಜೊತೆ ನಗುತ್ತ ಕಳೆದ ನನಗೆ ಆ ಫ್ಯಾನಿನ ಗುಟ್ಟು ತಿಳಿದದ್ದು ಬಹಳ ತಡವಾಗಿ. ನಮ್ಮ ಕಂಪನಿಯಲ್ಲಿ ನನ್ನನ್ನು ಹೊಸ ಕೆಲಸಕ್ಕೆ ಹಾಕಿದ್ದರು: ಮಾತಾಡುವ ಯಂತ್ರಗಳಿಗೆ ಕನ್ನಡದ ಮಾತು ಬರೆಯುವುದು. ರಾಯಚೂರಿನಿಂದ ಬಂದ ರೈಲ್ವೆ ನೌಕರನ ಮಗಳು ನಾನು. ಸಿಕಂದರಾಬಾದಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಮನೆ ದಾಟಿದರೆ ತೆಲುಗು, ಹಿಂದಿ. ನನ್ನ ಮನೆಯ ಕನ್ನಡಕ್ಕೆ ಈ ಊರಿನಲ್ಲಿ ಸಂಬಳ ಕೊಡುತ್ತಾರೆಂದರೆ ಕುಣಿಯಬೇಕೆನ್ನಿಸಿತು. ಮೊದಲು ಹೇಳಿದ್ದು ಕಾಕಾಗೆ. ಅವರು ಕುಣಿಯಲಿಲ್ಲ. “ಬಾ, ಚಾ ಕುಡಿಯೋಣು,” ಎಂದು ಅಬಿಡ್ಸ್‌ನ ಒಂದು ಇರಾನಿ ಹೋಟೆಲಿಗೆ ಕರೆದುಕೊಂಡು ಹೋದರು. ಚಹಾ ಬಂತು. ಅವರು ಎಂದಿನಂತೆ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯಲಿಲ್ಲ, ಹಾಗೇ ಆರಲು ಬಿಟ್ಟರು. ಪ್ಲಾಸ್ಟಿಕ್ ಹೊದಿಕೆಯೊಳಗಿನ ಒಂದು ಪೋಸ್ಟ್ ಕಾರ್ಡು ತೆಗೆದು ನನ್ನ ಮುಂದಿಟ್ಟರು.

ಅಕ್ಷರಗಳು ದೊಡ್ಡವು, ಒಂದೊಂದು ಒಂದೊಂದು ದಿಕ್ಕಿಗೆ ವಾಲಿದ್ದವು. ಎಡಗೈಯಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆಗಿದ್ದರೆ ಕ್ಷಮಿಸಬೇಕು ಎಂದು ಶುರುವಾಗಿತ್ತು. ದನಕ್ಕೆ ಹಾಕುವ ಕಣಿಕೆ ಕತ್ತರಿಸುವ ನಿಮ್ಮ ಯಂತ್ರದ ಜೊತೆ ಬಂದ ಹಾಳೆಯನ್ನು ಎರಡು ಸಲ ಓದಿದ್ದೇನೆ. ಅದರಲ್ಲಿ ಹೇಳಿದ ಹಾಗೆ ಬಟನ್ ಬಂದ್ ಮಾಡಿದ ಮೇಲೆಯೇ ಸಿಕ್ಕಿಕೊಂಡ ಕಣಿಕೆ ತೆಗೆಯಲು ಕೈ ಹಾಕಿದೆ. ನಾನು ಮಾಡಿದ ತಪ್ಪು ಏನು, ತಿಳಿಸಬೇಕು. ಕೆಳಗೆ ಒಬ್ಬ ಹೆಂಗಸಿನ ಹೆಸರು.

ಕಾಕಾ ಹೇಳಿದರು. ಆ ಹಾಳೆ ನಾಲ್ಕು ಭಾಷೆಯದು, ಎಲ್ಲಕ್ಕೂ ಒಂದೇ ಅಳತೆಯ ಚೌಕ. ಕನ್ನಡ ಎಂದಿನಂತೆ ಉದ್ದವಾಯಿತು, ಒಂದು ಸಾಲು ಹೊರಗೆ ಉಳಿಯಿತು. ಅವತ್ತೇ ಅಚ್ಚಿಗೆ ಹೋಗಬೇಕು. ಯಾವುದು ಬಿಡಲಿ ಎಂದು ನೋಡಿ ಅವರು ಬಿಟ್ಟದ್ದು ಇದನ್ನು: ಬಟನ್ ಆರಿಸಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ, ಪೂರ್ತಿ ನಿಲ್ಲುವ ತನಕ ಕೈ ಹಾಕಬೇಡಿ.

“ಎಲ್ಲಾರಿಗೂ ಗೊತ್ತಿರ್ತೈತಿ ಬಿಡು ಅಂದ್ಕೊಂಡೆ,” ಎಂದರು. “ಆಕಿ ಹಾಳಿ ಓದದss ಇದ್ದಿದ್ರ ಅಂಜಿ ದೂರ ನಿಂದರ್ತಿದ್ಲು. ಓದಿದ್ಲು. ನನ್ನ ಮಾತು ನಂಬಿದ್ಲು.”

ಆ ಕಾರ್ಡು ಕಾರ್ಖಾನೆಗೆ ಬಂದಾಗ ಅಲ್ಲಿ ಕನ್ನಡ ಓದುವವರು ಬೇರೆ ಯಾರಿದ್ದಾರೆ? ಸಾಹೇಬರು ಇವರನ್ನೇ ಕರೆದು ಇಂಗ್ಲಿಷಿಗೆ ಮಾಡಿಕೊಡಿ ಎಂದರಂತೆ. ಕೂತು ಮಾಡಿಕೊಟ್ಟರು. ಒಂದು ಸಾಲೂ ಬಿಡಲಿಲ್ಲವಂತೆ. ಮುಂದಿನ ಅಚ್ಚಿನಲ್ಲಿ ಅಕ್ಷರ ಸಣ್ಣದು ಮಾಡಿ ಆ ಸಾಲು ಸೇರಿಸಿದರು. ಆ ಹೆಂಗಸಿಗೆ ಇವರು ಉತ್ತರ ಬರೆದರು: ತಪ್ಪು ನಿಮ್ಮದಲ್ಲ, ಒಂದು ಸಾಲು ನಾನು ಬಿಟ್ಟಿದ್ದೆ. ಕೆಳಗೆ ತಮ್ಮ ಹೆಸರು ಹಾಕಿದರು. ಇಡೀ ನೌಕರಿಯಲ್ಲಿ ತಾವು ಬರೆದದ್ದರ ಕೆಳಗೆ ಹೆಸರು ಹಾಕಿದ್ದು ಅದೊಂದೇ ಸಲ. ಮರಳಿ ಕಾಗದ ಬರಲಿಲ್ಲ.

ಆಮೇಲಿನಿಂದ ಪ್ರತಿ ಹಾಳೆಯ ಕೊನೆಗೂ ಅವರು ಯಾರನ್ನೂ ಕೇಳದೆ ಒಂದು ಸಾಲು ಸೇರಿಸುತ್ತ ಬಂದರು: ಓದಲು ಬಾರದವರಿಗೆ ಓದಿ ಹೇಳಿ. ಆಕ್ಷೇಪಣೆ ಎತ್ತಲು ಆಫೀಸಿನಲ್ಲಿ ಕನ್ನಡ ಬಲ್ಲವರಿರಲಿಲ್ಲ. ಇದನ್ನು ಹೇಳುವಾಗ ಮಾತ್ರ ಒಂದಿಷ್ಟು ನಕ್ಕರು. ಎದ್ದು ಹೊರಡುವಾಗ ಹೇಳಿದ್ದು ಇದು: “ಎಲ್ಲಾರಿಗೂ ಗೊತ್ತಿರ್ತೈತಿ ಅಂತ ಯಾವತ್ತರ ಮನಸ್ಸಿಗೆ ಬಂತಂದ್ರ ಪೆನ್ನು ಕೆಳಗ ಇಡವ್ವಾ. ಬಿಡಬಾರದ ಸಾಲು ಅಲ್ಲೇ ಇರ್ತೈತಿ.”

ನಮ್ಮ ಕಂಪನಿಯ ಯಂತ್ರ ಊಟದ ಡಬ್ಬಿಯಷ್ಟು ದೊಡ್ಡದು. ಕಣ್ಣು ಮಂಜಾದ ಹಿರಿಯರಿಗೆಂದು ಮಾಡಿದ್ದು. ಗುಳಿಗೆಯ ಪಟ್ಟಿಯನ್ನು ಅದರ ಮುಂದೆ ಹಿಡಿದರೆ ಇದು ಯಾವ ಗುಳಿಗೆ, ಯಾವಾಗ, ಎಷ್ಟು ಎಂದು ಹೇಳುತ್ತದೆ. ಅದರ ಕನ್ನಡ ನನ್ನದು. ಪುಸ್ತಕದ ಕನ್ನಡ ಬೇಡವೆಂದು ಹಟ ಹಿಡಿದು, ನಮ್ಮ ಕಡೆಯವರಿಗೆ ನಮ್ಮ ಕಡೆಯ ಮಾತೇ ಇರಲಿ ಎಂದು ‘ಅವ್ವಾರ’ ಸೇರಿಸಿದೆ, ‘ತಗೋರಿ’ ಸೇರಿಸಿದೆ, ‘ಚಿಂತಿ ಮಾಡಬ್ಯಾಡ್ರಿ’ ಸೇರಿಸಿದೆ. ನಮಸ್ಕಾರ್ರಿ, ನಾ ನಿಮ್ಮ ಮನಿ ಮಗಳಿದ್ದಂಗ ಎಂದು ಶುರುವಾಗುತ್ತಿತ್ತು. ಕೇಳಿ ನನಗೇ ಕಣ್ಣು ತುಂಬಿತ್ತು. ಅಷ್ಟು ಬೀಗಿದ್ದೆ.

ಕಾಕಾನ ಹೆಂಡತಿಗೆ, ಅವರನ್ನು ನಾನು ಕಾಕು ಎನ್ನುತ್ತೇನೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಗುಳಿಗೆ ಎಣಿಸಿ ಕೈಗೆ ಕೊಡುತ್ತಿದ್ದವರು ಕಾಕಾ. ಆದ್ದರಿಂದ ಯಂತ್ರವನ್ನು ಮೊದಲು ಅವರಿಗೇ ತೋರಿಸಲು ನಮ್ಮ ಮನೆಗೆ ಕರೆದೆ. ಅವರು ಗುಳಿಗೆ ತಂದಿರಲಿಲ್ಲ. ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಮುಂದೆ ಹಿಡಿದರು. ಯಂತ್ರ ಒಂದು ಕ್ಷಣವೂ ತಡವರಿಸಲಿಲ್ಲ. “ಇದು ಬಿಪಿ ಗುಳಿಗಿ ರಿ. ನಾಷ್ಟಾ ಆದ ಮ್ಯಾಲ ಒಂದು ತಗೋರಿ,” ಎಂದಿತು.

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಮರುದಿನ ಆಫೀಸಿನಲ್ಲಿ ಹೇಳಿದೆ, ಒಂದು ವಾರದಲ್ಲಿ ಸರಿಮಾಡಿದರು. ಈಗ ಬಸ್ ಟಿಕೆಟ್ ತೋರಿಸಿದರೆ ಇದು ಬಸ್ ಟಿಕೆಟ್ ಎನ್ನುತ್ತದೆ ಕಾಕಾ ಎಂದು ಫೋನ್ ಮಾಡಿದೆ. “ಬಸ್ ಟಿಕೆಟ್ ಕಲಿಸಿದ್ರಿ,” ಎಂದರು. “ಉಳದದ್ದು?”

ಮುಂದಿನ ಭಾನುವಾರ ಒಂದು ಹಳದಿಯಾದ ಹಾಳೆ ತಂದುಕೊಟ್ಟರು. ನಾನು ಕೆಲಸಕ್ಕೆ ಸೇರುವ ಮೊದಲೇ ಎಂದೋ ಬರೆದದ್ದು, ಕೇಳಿದ್ದಕ್ಕೆ ಉತ್ತರ ಹೇಳುವ ಯಂತ್ರ ಎಂದು ಮೇಲೆ ಹೆಸರು. ಅದರಲ್ಲಿ ಒಂದೇ ಒಂದು ಎಚ್ಚರಿಕೆ: ಈ ಯಂತ್ರ ತನಗೆ ಗೊತ್ತಿಲ್ಲದಿದ್ದರೂ ಉತ್ತರ ಹೇಳುತ್ತದೆ, ಹೇಳುವಾಗ ಅದರ ದನಿ ಬದಲಾಗುವುದಿಲ್ಲ, ಇನ್ನೊಬ್ಬ ಮನುಷ್ಯನನ್ನು ಕೇಳಿ ನೋಡಿ. “ಇದನ್ನ ಅದರ ಬಾಯಿಲೇ ಹೇಳಸವ್ವಾ,” ಎಂದರು. “ಹಾಳಿ ಬ್ಯಾಡ. ಇದನ್ನ ಬಳಸೋರಿಗೆ ಓದಾಕ ಕಣ್ಣಿಲ್ಲ.”

ಬರೆದು ಸೇರಿಸಿದೆ. ಖಂಡಿತ ಸೇರಿಸಿದೆ. ಯಂತ್ರ ಮೊದಲ ಸಲ ಚಾಲೂ ಆದಾಗ ಇಪ್ಪತ್ತು ಸೆಕೆಂಡು ತನ್ನ ಬಗ್ಗೆ ಹೇಳಿಕೊಳ್ಳುತ್ತದೆ, ಅಷ್ಟು ಹೊತ್ತು ಮುಂದಿನ ದೀಪ ಮಿನುಗುತ್ತದೆ. ಎಲ್ಲ ಭಾಷೆಗೂ ಅದೇ ಇಪ್ಪತ್ತು. ಕನ್ನಡ ಆರು ಸೆಕೆಂಡು ಹೆಚ್ಚಾಯಿತು. ನಮ್ಮ ಮ್ಯಾನೇಜರು ಮೈಸೂರಿನವರು, ಒಳ್ಳೆಯ ಮನುಷ್ಯ, ಯಾರಿಗೂ ಕೆಡುಕು ಬಯಸುವವರಲ್ಲ. “ಮೇಡಂ, ಈ ಕೊನೇ ಸಾಲು ತೆಗೆದ್ರೆ ಕರೆಕ್ಟಾಗಿ ಕೂತ್ಕೊಳ್ಳುತ್ತೆ,” ಎಂದರು. “ಮಷಿನ್ ತಪ್ಪು ಮಾಡ್ಬಹುದು ಅಂತ ಯಾರಿಗೆ ಗೊತ್ತಿಲ್ಲ ಹೇಳಿ?”

ಮೊದಲ ಸಾಲು ತೆಗೆಯಬಹುದಿತ್ತು. ಮನೆ ಮಗಳಿದ್ದಂಗ ಎಂಬುದನ್ನು. ನನಗೆ ಮನಸ್ಸಾಗಲಿಲ್ಲ. ಅದು ಎಲ್ಲರೂ ಹೊಗಳಿದ ಸಾಲು. ಹೌದಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆ. ಕಾಕಾ ಹೇಳಿದ ಮಾತು ಅಕ್ಷರಶಃ ನನ್ನ ತಲೆಯೊಳಗೆ ಬಂದು ನಿಂತಿತ್ತು, ಅದು ಬಂದದ್ದೂ ನನಗೆ ತಿಳಿದಿತ್ತು. ಪೆನ್ನು ಕೆಳಗಿಡಲಿಲ್ಲ. ಕೊನೆಯ ಸಾಲು ತೆಗೆದೆ. ಇಪ್ಪತ್ತು ಸೆಕೆಂಡಿಗೆ ಸರಿಯಾಗಿ ಕೂತಿತು.

ಆ ತಿಂಗಳೇ ಕಾಕಾ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ನೋಡಲು ಹೋದೆ. ಮೂಗಿಗೆ ನಳಿಗೆ, ಮಾತು ತುಂಡು ತುಂಡು. ಕಿಟಕಿಯ ಪಕ್ಕದ ಯಂತ್ರ ಬೀಪ್ ಎನ್ನುತ್ತಿತ್ತು. ಅದರ ಹಾಳೆ ನೋಡಿದಿರೇನ್ರಿ ಎಂದು ನಗಿಸಲು ನೋಡಿದೆ. ಅವರು ನನ್ನ ಕೈ ಹಿಡಿದರು.

“ಆ ಸಾಲು ಹಿಡಿಸಿತೇನವ್ವಾ?”

ಚೌಕಟ್ಟಿನೊಳಗೆ ಹಿಡಿಸಿತೇ ಎಂದು ಅವರು ಕೇಳುತ್ತಿದ್ದದ್ದು. ಜಗತ್ತಿನಲ್ಲಿ ಅದನ್ನು ಕೇಳುವ ಇನ್ನೊಬ್ಬರಿಲ್ಲ.

“ಹಿಡಿಸ್ತ್ರಿ ಕಾಕಾ,” ಎಂದೆ.

ಅವರ ಮುಖದ ಬಿಗಿ ಸಡಿಲವಾಯಿತು. ಕಣ್ಣು ಮುಚ್ಚಿಕೊಂಡೇ, “ಹಂಗಾರ ನಿಮ್ಮ ಕಾಕೂಗ ಒಂದು ತಂದ್ ಕೊಡು. ನಾ ಇಲ್ಲದಾಗ ಬೇಕಾಗ್ತೈತಿ,” ಎಂದರು. ಆಮೇಲೆ ಐದು ದಿನ ಇದ್ದರು. ಆ ಐದು ದಿನವೂ ನಾನು ಹೋದೆ, ಐದು ದಿನವೂ ಹೇಳಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಅವರು ಹೇಳಿದ ಮಾತು ಮೀರಬಾರದೆಂದು ಯಂತ್ರವನ್ನು ಕಾಕೂಗೆ ಒಯ್ದುಕೊಟ್ಟೆ. ಮ್ಯಾನೇಜರಿಗೆ ಆ ಸಾಲು ಮತ್ತೆ ಸೇರಿಸೋಣ ಎಂದೆ. ಮುಂದಿನ ಸಲ ನೋಡೋಣ ಎಂದರು. ಡಬ್ಬಿಗಳು ಅಷ್ಟರಲ್ಲಿ ಮನೆಮನೆಗೆ ಹೋಗಿದ್ದವು. ದೂರು ಬಂದರೆ ಗೊತ್ತಾಗುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಬಂದ ದೂರುಗಳನ್ನು ಓದಿ, ವಿಂಗಡಿಸಿ, ಉತ್ತರ ಹೇಳುವುದೂ ಅದೇ ಬಗೆಯ ಇನ್ನೊಂದು ಯಂತ್ರ. ನನ್ನ ಮೇಜಿಗೆ ಬರುವುದು ವಾರಕ್ಕೊಂದು ಸಾರಾಂಶ. ಎಲ್ಲರೂ ತೃಪ್ತರಾಗಿದ್ದಾರೆ ಎಂದೇ ಪ್ರತಿ ವಾರ ಇರುತ್ತದೆ. ಎಡಗೈಯಿಂದ ಬರೆದ ಕಾರ್ಡು ಇನ್ನು ಯಾರ ಮೇಜಿಗೂ ಬರುವುದಿಲ್ಲ.

ಹೋದ ಶನಿವಾರ ಮಧ್ಯಾಹ್ನ ತಡೆಯಲಾರದೆ ಕಾಕೂ ಮನೆಗೆ ಹೋದೆ. ಅಡಿಗೆಗೆ ಬರುವ ತೆಲುಗಿನ ಹೆಂಗಸು ಕೆಲಸ ಮುಗಿಸಿ ಹೊರಟುಹೋಗಿದ್ದಳು. ಕಾಕು ಗೂಡಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಗ್ಗುಲಲ್ಲಿ ಗುಳಿಗೆಯ ಡಬ್ಬಿ. ನಾನು ಪೀಠಿಕೆ ಹಾಕದೆ ಹೇಳಿಬಿಟ್ಟೆ. ಆ ಯಂತ್ರ ತನಗೆ ಗೊತ್ತಿಲ್ಲದಾಗಲೂ ಗೊತ್ತಿದ್ದ ಹಾಗೆ ಹೇಳುತ್ತದೆ, ಅದನ್ನು ನಂಬಬೇಡಿ ಎಂದೆ.

“ಹಂಗ್ಯಾಕ್ ಅಂತೀ? ನಿಮ್ಮ ಕಾಕಾ ಹೇಳಿ ಹೋಗ್ಯಾರ,” ಎಂದರು ಕಾಕು. “ಅದರ ಎಚ್ಚರಿಕಿ ಅದರ ಬಾಯಾಗss ಈಕಿ ಹಾಕ್ಯಾಳ, ಅಂಜೂದಿದ್ರ ಅದss ಹೇಳ್ತೈತಿ, ಹೇಳಲಿಲ್ಲಂದ್ರ ನಿಶ್ಚಿಂತಿ ಇರು ಅಂದ್ರು. ಇಲ್ಲೀ ತನಕ ಏನೂ ಹೇಳಿಲ್ಲ ನೋಡು.”

“ಆ ಸಾಲು ನಾ ತಗದೀನ್ರಿ ಕಾಕು. ಕಾಕಾನ ಮುಂದ ಸುಳ್ಳು ಹೇಳೀನಿ.” ಇಷ್ಟು ಹೇಳುವಷ್ಟರಲ್ಲಿ ನಾನು ಅಳುತ್ತಿದ್ದೆ.

ಅವರು ತಡವಿ ನನ್ನ ತಲೆಯ ಮೇಲೆ ಕೈಯಿಟ್ಟರು. “ಹೋಗೂ ಜೀವದ ಮುಂದ ಯಾರು ಸುಳ್ಳು ಹೇಳ್ತಾರವ್ವಾ. ದುಃಖದಾಗ ಏನೇನರ ಅನ್ನಸ್ತೈತಿ,” ಎಂದರು. ಯಂತ್ರ ತೆಗೆದುಕೊಂಡು ಹೋಗುತ್ತೇನೆ ಎಂದು ಕೈ ಚಾಚಿದೆ. ಅವರು ಅದನ್ನು ಮಡಿಲಿಗೆ ಎಳೆದುಕೊಂಡರು. “ದಿನಾ ನನ್ನ ಜೋಡಿ ಕನ್ನಡ ಮಾತಾಡೂದು ಇದೊಂದss. ಇದನ್ನ ಒಯ್ಯಬ್ಯಾಡ.”

ಕೊನೆಗೆ ದೊಡ್ಡ ಬಿಳಿ ಕಾಗದ ತೆಗೆದು, ಕಾಕಾನ ಆ ಸಾಲನ್ನು ಒಂದು ಶಬ್ದವೂ ಬಿಡದೆ ದಪ್ಪ ಅಕ್ಷರದಲ್ಲಿ ಬರೆದೆ. ಕೆಳಗೆ ಅವರದೇ ಇನ್ನೊಂದು ಸಾಲು: ಓದಲು ಬಾರದವರಿಗೆ ಓದಿ ಹೇಳಿ. ನಾನು ಓದಿ ಹೇಳಿದೆ. ಬರುವವರಿಗೆಲ್ಲ ಇದನ್ನು ತೋರಿಸಿ ಓದಿಸಿಕೊಳ್ಳಿ ಎಂದು ಅವರ ಕೈಗೆ ಕೊಟ್ಟು, ಮುಖ ತೊಳೆಯಲು ಒಳಗೆ ಹೋದೆ. ನಲ್ಲಿ ತಿರುಗಿಸುವಾಗ ಹೊರಗಿನಿಂದ ನನ್ನದೇ ಮಾತುಗಳು ಕೇಳಿದವು. ನಾನೇ ಕೂತು, ಒಂದೊಂದನ್ನೂ ಆರಿಸಿ ಜೋಡಿಸಿದ ಮಾತುಗಳು.

“ಇದು ನಿಮ್ಮ ಗುಳಿಗಿ ಚೀಟಿ ರಿ ಅವ್ವಾರ. ಊಟ ಆದ ಮ್ಯಾಲ ಎರಡು ತಗೋರಿ. ಚಿಂತಿ ಮಾಡಬ್ಯಾಡ್ರಿ.”

ಹೊರಗೆ ಓಡಿ ಬಂದೆ. ಕಾಕು ನನ್ನ ಕಾಗದವನ್ನು ಯಂತ್ರದ ಮುಂದೆ ಹಿಡಿದುಕೊಂಡು ಕೂತಿದ್ದರು. ನನ್ನ ಹೆಜ್ಜೆಯ ಸದ್ದಿನ ಕಡೆ ತಿರುಗಿ, “ಇಷ್ಟ ಬರಿಯಾಕ ಅಷ್ಟ ಯಾಕ ಅತ್ತಿ?” ಎಂದು ನಕ್ಕು, ಗುಳಿಗೆಯ ಡಬ್ಬಿಗೆ ಕೈ ಹಾಕಿದರು.